ಮಲ್ಲೇಶಪ್ಪನವರ ಕಾರು ಉಕ್ಕಿದ ಪ್ರಕರಣ

"ಅಕ್ಕೋರೆ, ನಾನೇನಾದ್ರೂ ಆ ಕಾರನ್ನ ಮೂವತ್ತರ ಮೇಲೆ ಓಡಿಸಿದ್ರೆ ನನ್ನ ಕಾಲು ಬಿದ್ದುಹೋಗ್ಲಿ!"

ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯ ಕಂಬ ಹಿಡಿದು ನಿಂತು ಹೀಗೆ ಆಣೆ ಇಟ್ಟವನು ಉಳವಿಯ ಕಲ್ಲಪ್ಪ, ಅಕ್ಕಿ ಗಿರಣಿಯ ಮಲ್ಲೇಶಪ್ಪನವರ ಡ್ರೈವರು. ಅವನು ಅಕ್ಕೋರೆ ಎಂದು ಕರೆದ ರಾಜೇಶ್ವರಮ್ಮನವರು ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಅದೇ ಶಾಲೆಗೆ ಬಂದ ನಾನು ಅವರ ಮನೆಯಲ್ಲೇ ಒಂದು ಕೋಣೆಯಲ್ಲಿದ್ದೆ. ಊರಿನಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ಠಾಣೆಗಿಂತ ಮೊದಲು ಈ ಜಗಲಿಗೆ ಬರುತ್ತಿದ್ದರು. ಹಾಗೆ ಬಂದಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ರಾಜೇಶ್ವರಮ್ಮನವರಿಗೆ ಹಸಿವಾಗುತ್ತಿತ್ತು.

"ವನಜಾ, ಮಂಡಕ್ಕಿ ತಗೊಂಡು ಬಾ," ಎಂದರು. "ಕಲ್ಲಪ್ಪ, ಕೂತ್ಕೊಂಡು ಹೇಳು."

ಮಲ್ಲೇಶಪ್ಪನವರು ದಾವಣಗೆರೆಯಿಂದ ಹೊಸ ಕಾರು ತಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೊಸ ಎಂಜಿನ್ನು ಹದಕ್ಕೆ ಬರುವವರೆಗೆ ಮೂವತ್ತು ಮೈಲಿ ವೇಗ ದಾಟಬಾರದು, ಭಾರ ಹೇರಬಾರದು, ಏರಿನಲ್ಲಿ ಗೋಳಾಡಿಸಬಾರದು ಎಂದು ಮಾರಿದವರು ಹೇಳಿದ್ದರಂತೆ. ಕಾರಿನ ಬೆನ್ನಿಗೆ 'ರನ್ನಿಂಗ್ ಇನ್' ಎಂಬ ಹಲಗೆಯೂ ತೂಗುತ್ತಿತ್ತು. ದಾವಣಗೆರೆಯಿಂದ ಬರುವಾಗ ಕಾರು ತಣ್ಣಗೆ ಬಂತು. ಆಮೇಲೆ ಸೊರಬದ ದಾರಿ ಹಿಡಿದಾಗಲೆಲ್ಲ ಎಂಜಿನ್ನು ಕುದಿಯತೊಡಗಿತು. ಸಲದಿಂದ ಸಲಕ್ಕೆ ಕುದಿತ ಜಾಸ್ತಿಯಾಯಿತು. ನಿನ್ನೆ ತಾಳಗುಂದದ ಹತ್ತಿರ ರೇಡಿಯೇಟರಿನ ಮುಚ್ಚಳವೇ ಹಾರಿಹೋಗಿತ್ತು.

"ಯಜಮಾನ್ರು ನಾನೇ ಜೋರಾಗಿ ಓಡಿಸಿ ಸುಟ್ಟೆ ಅಂತಾರೆ. ಸಾಯಂಕಾಲಕ್ಕೆ ಲೆಕ್ಕ ಮುಗಿಸ್ತಾರಂತೆ. ಅದೂ ಹೋಗ್ಲಿ ಮಾರಾಯ್ರೆ, ಕುಪ್ಪಗಡ್ಡೇಲಿ ನಂಗೆ ಹೆಣ್ಣು ನೋಡ್ಯಾರೆ. 'ನಿಮ್ಮ ಅಳಿಯ ಎಂಜಿನ್ ಸುಡೋನು' ಅಂತ ಅಲ್ಲಿಗೂ ಬಸ್ಸಿನಾಗೆ ಹೇಳಿ ಕಳಿಸ್ಯಾರೆ!"

"ಮುಚ್ಚಳ ಹಾರಿದಾಗ ನೀರು ಬಂತೋ, ಬರೀ ಹಬೆಯೋ?"

"ನೊರೆ ಬಂತು ಅಕ್ಕೋರೆ. ಬೆಳ್ಳಗೆ."

"ಬೆಳಿಗ್ಗೆ ಹೊರಡೋ ಮುಂಚೆ ನೀರು ನೋಡಿದ್ಯೇನು?"

"ದಿನಾ ನೋಡ್ತೀನಿ. ಬಾನೆಟ್ಟು ಎತ್ತಿ, ಮುಚ್ಚಳ ತೆಗೆದಿಟ್ಟು, ಬಾವಿಗೆ ಹೋಗಿ ಕೊಡ ತರ್ತೀನಿ. ಬಂದು ನೋಡಿದ್ರೆ ಅದಾಗ್ಲೇ ತುಂಬಿ, ಮುಚ್ಚಳ ಬಿಗಿದಿರ್ತದೆ. ಯಜಮಾನ್ರೇ ತುಂಬಿಸಿರ್ತಾರೆ."

ರಾಜೇಶ್ವರಮ್ಮನವರ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. "ನಡಿ, ಕಾರು ನೋಡೋಣ," ಎಂದರು.

ದಾರಿಯಲ್ಲಿ ಬಸ್ ನಿಲ್ದಾಣದ ಪಕ್ಕ ಬಂಗಾರಪ್ಪ ತನ್ನ ಬಾಡಿಗೆ ಕಾರಿಗೆ ಒರಗಿ ನಿಂತಿದ್ದ. ಊರಿನಲ್ಲಿ ಅದೊಂದೇ ಬಾಡಿಗೆ ಕಾರು. ಮಲ್ಲೇಶಪ್ಪನವರು ಸ್ವಂತ ಕಾರು ತಂದ ಮೇಲೆ ಅವನಿಗೆ ದೊಡ್ಡ ಗಿರಾಕಿ ತಪ್ಪಿದ್ದು ಎಲ್ಲರಿಗೂ ಗೊತ್ತಿತ್ತು. ಇವನೇ ಇರಬಹುದೇ ಎಂದು ನಾನು ಅವನ ಕೈಗಳನ್ನೇ ನೋಡಿದೆ. ನೋಡಿದ್ದು ಅವನಿಗೂ ಕಂಡಿತೆಂದು ಗಾಬರಿಯಾದೆ.

"ಬಂಗಾರಪ್ಪ, ನಿನ್ನೆ ಕಲ್ಲಪ್ಪನ ಕಾರು ಕಂಡ್ಯಾ?" ಎಂದರು ರಾಜೇಶ್ವರಮ್ಮನವರು.

"ಕಾಣದೇ ಏನ್ರೀ? ಶಿರಾಳಕೊಪ್ಪದ ತನ್ಕ ಅದರ ಹಿಂದೇ ಬಿದ್ದಿದ್ದೆ. ಹಾರ್ನ್ ಹೊಡೆದ್ರೆ ಎಮ್ಮೆನೂ ಸರಿತೈತೆ, ಇವ್ನು ಸರೀಲಿಲ್ಲ. ಸೈಕಲ್ಲಿನೋನೊಬ್ಬ ಅವನ್ನ ದಾಟಿ, ತಿರುಗಿ ನೋಡಿ ನಕ್ಕ!"

ತನ್ನ ಎದುರಾಳಿಯ ಪರವಾಗಿ ಸಾಕ್ಷಿ ಹೇಳಿದೆನೆಂಬುದು ಅವನಿಗೆ ಹೊಳೆಯುವಷ್ಟರಲ್ಲಿ ನಾವು ಮುಂದೆ ಹೋಗಿದ್ದೆವು.

ಗಿರಣಿಯ ಹಿಂದಿನ ಅಂಗಳದಲ್ಲಿ ಷೆಡ್ಡು, ಪಕ್ಕದಲ್ಲೇ ಕೊಟ್ಟಿಗೆ. ಕಾರಿನ ಹಣೆಗೆ ವಿಭೂತಿ, ಮೇಲೊಂದು ದಾಸವಾಳ. ಮುಂದಿನ ಚಕ್ರಗಳ ನಡುವೆ ನಾಲ್ಕಾರು ಕೋಳಿಗಳು ನೆಲ ಕೆದಕುತ್ತಿದ್ದವು. ಹಿಂದಿನ ಚಕ್ರಗಳ ಬಳಿ ಒಂದೂ ಇರಲಿಲ್ಲ. ರಾಜೇಶ್ವರಮ್ಮನವರು ರೇಡಿಯೇಟರಿನ ಬಾಯಂಚಿನಲ್ಲಿ ಒಣಗಿದ್ದ ಬಿಳಿ ಹೊಪ್ಪಳೆಯನ್ನು ಉಗುರಿನಿಂದ ಕೆರೆದು ಮೂಸಿದರು. ನನಗೂ ಮೂಸಲು ಕೊಟ್ಟರು. ಹುಳಿ ವಾಸನೆ.

ಮಲ್ಲೇಶಪ್ಪನವರು ಪಂಚೆ ಎತ್ತಿಕಟ್ಟಿಕೊಂಡು ಬಂದರು. "ಆ ಕಳ್ಳನ ಪರವಾಗಿ ಬಂದ್ರೇನ್ರೀ ಅಕ್ಕೋರೆ? ನಾಳೆ ಸೊರಬದಾಗೆ ಮೊಮ್ಮಗಳನ್ನ ತೊಟ್ಟಿಲಿಗೆ ಹಾಕ್ತಾರೆ. ನಾನೇನು ಎತ್ತಿನ ಗಾಡೀಲಿ ಹೋಗ್ಲಾ? ಈ ಕಾರು ಬಂದಾಗಿಂದ ಮನೆಗೇ ಗ್ರಹಚಾರ. ಎಮ್ಮೇನೂ ಒದೀತೈತೆ, ಹಾಲು ಅರ್ಧಕ್ಕೆ ಇಳಿದೈತೆ."

"ಕಾರಿಗೆ ನೀರು ತುಂಬಿಸೋರು ನೀವೇನ್ರೀ?"

"ನಾನ್ಯಾಕೆ ತುಂಬಿಸ್ಲಿ? ಡ್ರೈವರ್ ಸಾಕಿರೋದು ಯಾಕೆ?"

ಕಲ್ಲಪ್ಪ ಯಜಮಾನರನ್ನೂ ರೇಡಿಯೇಟರನ್ನೂ ಬದಲಿಸಿ ಬದಲಿಸಿ ನೋಡಿದ.

ಹಿತ್ತಿಲ ಬಾಗಿಲಲ್ಲಿ ಮಲ್ಲೇಶಪ್ಪನವರ ತಾಯಿ ವೀರಮ್ಮ ಕಾಣಿಸಿಕೊಂಡರು. "ಯಾಕೋ ಕೂಗಾಡ್ತೀಯ? ಹೊಸದು ನಾಲ್ಕು ಸಲ ಉಕ್ಕಬೇಕು ಕಣೋ. ಉಕ್ಕಿದ್ರೆ ಒಳ್ಳೇದೇ. ಬರ್ರೀ ಅಕ್ಕೋರೆ, ಮಜ್ಜಿಗೆ ಕುಡೀರಿ."

ಅಡುಗೆಮನೆಯಲ್ಲಿ ಎರಡನೇ ಒಲೆಯ ಮೇಲೆ ಹೊಸ ಮಣ್ಣಿನ ಗಡಿಗೆಯೊಂದು ಸಣ್ಣ ಉರಿಯಲ್ಲಿತ್ತು. ರಾಜೇಶ್ವರಮ್ಮನವರು ಅದರೊಳಗೆ ಇಣುಕಿದರು, ಎರಡು ಲೋಟ ಮಜ್ಜಿಗೆ ಕುಡಿದರು, "ಸಾಯಂಕಾಲ ಎಲ್ಲರೂ ಅಂಗಳದಲ್ಲಿ ಸೇರಿ. ಬಂಗಾರಪ್ಪನೂ ಬರಲಿ," ಎಂದು ಹೇಳಿ ಎದ್ದರು. ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ತಪ್ಪು ಮನುಷ್ಯನ ಕಡೆ ಬೆರಳು ತೋರಿಸಿಬಿಟ್ಟರೆ ಗತಿಯೇನು ಎಂಬುದೇ ನನ್ನ ಚಿಂತೆ.

ಸಂಜೆ ಎಲ್ಲರೂ ಷೆಡ್ಡಿನ ಮುಂದೆ ನೆರೆದರು. ರಾಜೇಶ್ವರಮ್ಮನವರು ಪಾಠದ ದನಿಯಲ್ಲೇ ಶುರುಮಾಡಿದರು.

"ಕಲ್ಲಪ್ಪ ಜೋರಾಗಿ ಓಡಿಸಿಲ್ಲ. ಅವನು ಸೋತರೆ ಲಾಭ ಇರೋ ಬಂಗಾರಪ್ಪನೇ ಹಾಗಂತ ಹೇಳಿದ್ದಾನೆ. ಕಾರಿನದೂ ತಪ್ಪಿಲ್ಲ, ದಾವಣಗೆರೆಯಿಂದ ತಣ್ಣಗೇ ಬಂದಿದೆ. ಅಂದಮೇಲೆ ಕೆಟ್ಟಿದ್ದು ಈ ಅಂಗಳಕ್ಕೆ ಬಂದಮೇಲೆ. ಉಕ್ಕಿ ಚೆಲ್ಲಿದ ರೇಡಿಯೇಟರ್ ಬೆಳಿಗ್ಗೆ ತಾನಾಗಿ ತುಂಬೋದಿಲ್ಲ. ಕಲ್ಲಪ್ಪ ಯಜಮಾನ್ರು ತುಂಬಿಸಿದ್ರು ಅಂದ್ಕೊಂಡ, ಯಜಮಾನ್ರು ಕಲ್ಲಪ್ಪ ತುಂಬಿಸಿದ ಅಂದ್ಕೊಂಡ್ರು. ಕಲ್ಲಪ್ಪ ಬಾವಿಗೆ ಹೋದ ಹೊತ್ತಿನಲ್ಲಿ ಮೂರನೆಯವರು ತುಂಬಿಸಿದ್ದಾರೆ. ಏನು ತುಂಬಿಸಿದ್ದಾರೆ? ಕೋಳಿ ಹೆಕ್ಕೋ ಅಂಥದ್ದು, ಒಣಗಿದ್ರೆ ಹೊಪ್ಪಳೆ ಕಟ್ಟೋ ಅಂಥದ್ದು, ಮಾರನೇ ದಿನಕ್ಕೆ ಹುಳಿಯಾಗೋ ಅಂಥದ್ದು. ಅದು ಸಿಗದೇ ಇರೋದಕ್ಕೇ ಎಮ್ಮೆ ಒದೀತಿರೋದು. ಕಲ್ಲಪ್ಪ, ಕೆಳಗಿನ ತಿರುಪು ಬಿಚ್ಚು."

ಕಲ್ಲಪ್ಪ ಬಗ್ಗಿ ತಿರುಪು ಬಿಚ್ಚಿದ. ಬೆಳ್ಳಗೆ, ಮಂದವಾಗಿ, ಅಗುಳಿನ ಸಮೇತ ಗಂಜಿ ಇಳಿಯಿತು. ಕೊಟ್ಟಿಗೆಯ ಎಮ್ಮೆ ಮೂಗರಳಿಸಿ ಹಗ್ಗ ಜಗ್ಗಿತು.

"ಬೆಳಿಗ್ಗೆ ಕಾರಿಗೆ ವಿಭೂತಿ ಹಚ್ಚಿ ಹೂವಿಡೋರು ಯಾರು?" ಎಂದರು ರಾಜೇಶ್ವರಮ್ಮ, ಮೆಲ್ಲಗೆ.

"ನಾನೇ. ಗಂಜಿ ಹುಯ್ದೋಳೂ ನಾನೇ," ಎಂದರು ವೀರಮ್ಮ, ಸೆರಗು ಸರಿಮಾಡಿಕೊಂಡು. "ನನ್ನ ಮಗನೇ ಅಲ್ವಾ ಹೇಳಿದ್ದು? ಹೊಸದರ ಒಳಗೆ ತರಿತರಿ ಇರ್ತೈತೆ, ದಿನಾ ಸಣ್ಣಗೆ ಕಾಯಿಸಿ ಕಾಯಿಸಿ ನುಣ್ಣಗೆ ಮಾಡ್ಬೇಕು ಅಂತ! ಹೊಸ ಗಡಿಗೆಗೆ ಗಂಜಿ ಕುಡಿಸಿಯೇ ಅಲ್ವಾ ಹದ ಮಾಡೋದು? ಉಕ್ಕಿದ ಮೇಲೆ, ಸಾಕಾಗಿಲ್ಲ ಅಂತ ಇನ್ನಷ್ಟು ಹುಯ್ದೆ. ನನ್ನ ಕೈಲಿ ಇವತ್ತಿನವರೆಗೆ ಒಂದು ಗಡಿಗೆ ಸೀಳಿಲ್ಲ!"

"ಅವ್ವಾ, ಹೇಳಬಾರದಿತ್ತೇನೇ?"

"ಯಾರು ಕೇಳಿದ್ರೋ? ನೀನು ಕೂಗಾಡಿದೆ, ಕೇಳಲಿಲ್ಲ. ಇವನ ಕೆಲಸ ತೆಗೀತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ಬಂಗಾರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಅಮ್ಮ ಹೇಳಿದ್ರಲ್ಲಿ ಮುಕ್ಕಾಲು ಸರಿ," ಎಂದರು ರಾಜೇಶ್ವರಮ್ಮ. "ಸಣ್ಣಗೆ ಕಾಯಿಸಬೇಕು, ಅವಸರ ಮಾಡಬಾರದು. ಆದರೆ ಕಾರಿನೊಳಗೆ ನುಣ್ಣಗಾಗೋದು ಒಂದಕ್ಕೊಂದು ಉಜ್ಜೋ ಕಬ್ಬಿಣ. ಅದಕ್ಕೆ ಎಣ್ಣೆ ಬೇಕು, ಸ್ವಲ್ಪ ಮೈಲಿ ಆದಮೇಲೆ ಆ ಎಣ್ಣೆ ಚೆಲ್ಲಿ ಹೊಸದು ಹಾಕಬೇಕು. ನೀರಿನ ಸಂದುಗಳು ದಾರದಷ್ಟು ಸಣ್ಣ. ಅಲ್ಲಿ ಗಂಜಿ ಹೊಕ್ಕರೆ ಕಟ್ಟಿಕೊಳ್ಳುತ್ತೆ."

ಮಲ್ಲೇಶಪ್ಪನವರು ಕಲ್ಲಪ್ಪನ ಕಡೆ ನೋಡಿದರು. "ತಪ್ಪಾಯ್ತು ಕಣಪ್ಪ. ಏನು ಬೇಕು ಕೇಳು."

"ನಾಳೆ ತೊಟ್ಟಿಲು ಮುಗಿದ ಮೇಲೆ ಕುಪ್ಪಗಡ್ಡೆಗೆ ಬರ್ರಿ ಯಜಮಾನ್ರೆ. ಹೇಳಿ ಕಳಿಸಿದ ಬಾಯಿಂದಲೇ ಅಲ್ಲೂ ಹೇಳ್ರಿ."

ಕಲ್ಲಪ್ಪ ಕತ್ತಲಾಗುವ ತನಕ ಕೊಡಗಟ್ಟಲೆ ನೀರು ಹಾಯಿಸಿ ರೇಡಿಯೇಟರ್ ತೊಳೆದ. ಮರುದಿನ ಮಲ್ಲೇಶಪ್ಪನವರು, ವೀರಮ್ಮ, ಕಲ್ಲಪ್ಪ, ಶಾಲೆಗೆ ರಜೆ ಹಾಕಿದ ನಾವಿಬ್ಬರು, ಹೀಗೆ ಐವರೂ ಹೊರಟೆವು. ಸೊರಬದವರೆಗೆ ನಾನು ಮುಚ್ಚಳದ ಮೇಲೇ ಕಣ್ಣಿಟ್ಟಿದ್ದೆ. ಹಬೆಯ ಒಂದು ಎಳೆಯೂ ಏಳಲಿಲ್ಲ.

ಮಧ್ಯಾಹ್ನ ಕುಪ್ಪಗಡ್ಡೆ ಸೇರುವಾಗ ಊರ ಮಕ್ಕಳೆಲ್ಲ ಕಾರಿನ ಜೊತೆ ಓಡಿದರು, ಕೆಲವರು ನಮಗಿಂತ ಮುಂದೆ ಮುಟ್ಟಿದರು. ಹೆಣ್ಣಿನ ತಂದೆ ಹುಚ್ಚರಾಯಪ್ಪ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದರು, ಮುಖ ಗಂಟು. ಮಲ್ಲೇಶಪ್ಪನವರು ಗಂಜಿಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ತಾಯಿಯ ಪಾತ್ರ ಬಂದಲ್ಲೆಲ್ಲ ದನಿ ಇಳಿಸಿದರು, ವೀರಮ್ಮ ಅಲ್ಲಲ್ಲೇ ದನಿ ಏರಿಸಿ ತಿದ್ದಿದರು.

ಹುಚ್ಚರಾಯಪ್ಪ ಕಾರಿನ ಬೆನ್ನಿನ ಹಲಗೆ ನೋಡಿದರು, ಮಕ್ಕಳನ್ನು ನೋಡಿದರು, ಕಲ್ಲಪ್ಪನನ್ನು ನೋಡಿದರು.

"ಸೈಕಲ್ಲಿನೋನು ನಕ್ಕರೂ ಜೋರು ಮಾಡಲಿಲ್ವಾ ನೀನು?"

"ಇಲ್ಲ ಮಾವ."

"ಹೊಸದನ್ನ ಇಷ್ಟು ಜೋಪಾನ ಮಾಡ್ತಾನೆ ಅಂದ್ರೆ, ನನ್ನ ಮಗಳನ್ನ ಕೊಡಬಹುದು ಬಿಡ್ರಿ," ಎಂದರು.

ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ಕಲ್ಲಪ್ಪನ ಕಿವಿಗಳು ಕೆಂಪಾದವು.

ಮರಳುವ ದಾರಿಯಲ್ಲಿ ವೇಗದ ಮುಳ್ಳು ಮೂವತ್ತನ್ನು ದಾಟಿ ಮುಂದೆ ಸರಿಯಿತು. ಮಲ್ಲೇಶಪ್ಪನವರು ಬಾಯಿ ತೆರೆದರು. ರಾಜೇಶ್ವರಮ್ಮನವರು ಅವರತ್ತ ಒಮ್ಮೆ ತಿರುಗಿ ನೋಡಿದರು. ಯಜಮಾನರು ಬಾಯಿ ಮುಚ್ಚಿಕೊಂಡು, ಕಿಟಕಿಯಾಚೆ ಗದ್ದೆ ನೋಡತೊಡಗಿದರು.