ನಿಲ್ಲದ ಸ್ಟೇಷನ್ನಿನಲ್ಲಿ ನಿಂತ ಗಾಡಿ

ಬ್ರೇಕು ಬಿದ್ದ ರಭಸಕ್ಕೆ ಎದುರು ಸೀಟಿನ ಅಜ್ಜಿಯ ನೀರಿನ ಬಾಟಲಿ ಹಾರಿ ನನ್ನ ಮಡಿಲಿಗೆ ಬಿತ್ತು.

"ಅಯ್ಯೋ, ಏನಾಯ್ತಪ್ಪಾ?"

ಬಾಟಲಿ ಅಜ್ಜಿಯ ಕೈಗಿಟ್ಟು ಎದ್ದೆ. ಇದೇ ಎಕ್ಸ್‌ಪ್ರೆಸ್ಸಿನ ಗಾರ್ಡಾಗಿ ಕೊನೇ ಡಬ್ಬಿಯಲ್ಲಿ ನಿಂತು ಬಂದವನು ನಾನು. ಈ ಪುಟ್ಟ ಸ್ಟೇಷನ್ನಿನಲ್ಲಿ ಈ ಗಾಡಿ ಒಂದು ದಿನವೂ ನಿಂತದ್ದಿಲ್ಲ. ನಿಂತಿದೆ ಅಂದರೆ ಕೆಂಪು ಬಾವುಟ ಎದ್ದಿದೆ. ಎತ್ತುವವಳು ಇಲ್ಲಿ ಅವಳೊಬ್ಬಳೇ.

ಗಾಡಿ ಹಾದುಹೋಗುವಾಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ಚಕ್ರಗಳನ್ನು ನೋಡುವುದು ಅವಳ ಕೆಲಸ. ಅವಳು ಕೆಂಪೆತ್ತಿದರೆ ಗಾರ್ಡು ಬ್ರೇಕು ಹಾಕುತ್ತಾನೆ; ಎಲ್ಲ ಸರಿಯಿದ್ದರೆ ಹಸಿರು ತೋರಿಸುತ್ತಾಳೆ, ಗಾರ್ಡೂ ಹಸಿರು ತೋರಿಸುತ್ತಾನೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ನಮ್ಮಿಬ್ಬರ ಭೇಟಿ ಅಂದರೆ ಅಷ್ಟೇ.

ಅಷ್ಟರಲ್ಲೇ ಏನೇನು! ಒಮ್ಮೆ ನಾನು ಟೋಪಿ ತೆಗೆದು ಬಗ್ಗಿದೆ. ಅವಳು ನಗು ತಡೆಯಲು ತುಟಿ ಕಚ್ಚಿದಳು. ಮುಂದಿನ ಸರದಿಯಲ್ಲಿ ಬೇಕೆಂದೇ ಮುಖ ಆಚೆ ತಿರುಗಿಸಿ ನಿಂತು, ಕೊನೇ ಗಳಿಗೆಯಲ್ಲಿ ಓರೆಗಣ್ಣಿಂದ ನೋಡಿ, ನನ್ನ ರಾತ್ರಿಯ ನಿದ್ದೆಗೆ ಕಲ್ಲು ಹಾಕಿದಳು.

ಈಗ ನನ್ನನ್ನು ಬೇರೆ ಲೈನಿಗೆ ಹಾಕಿದ್ದರು. ಹೇಳದೆ ಹೋಗಲು ಮನಸ್ಸು ಬರಲಿಲ್ಲ. ಪ್ರಯಾಣಿಕನಾಗಿ ಇದೇ ಗಾಡಿ ಹತ್ತಿದ್ದೆ. ಮುಂದಿನ ಊರಲ್ಲಿ ಇಳಿದು, ಪ್ಯಾಸೆಂಜರ್ ಹಿಡಿದು ವಾಪಸು ಬಂದು, ಬಾಯಿಬಿಟ್ಟು ಮಾತಾಡಬೇಕು ಅಂತ. ಕಿಟಕಿ ಸೀಟು ಸಿಕ್ಕಿದ್ದೂ ಪ್ಲಾಟ್‌ಫಾರ್ಮು ಕಾಣದ ಬದಿಯದು, ನನ್ನ ಪುಣ್ಯ.

ಧುಮುಕಿ ಓಡಿದೆ.

ಅವಳು ಕೆಂಪು ಬಾವುಟ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಸ್ಟೇಷನ್ ಮಾಸ್ತರು ಏದುಸಿರು ಬಿಡುತ್ತಾ, "ಏನು ಕಂಡೆ ತಾಯಿ? ಹೊಗೆಯಾ? ಚಕ್ರವಾ? ಬಾಯಿ ಬಿಡೇ!" ಅನ್ನುತ್ತಿದ್ದರು.

ಅವಳು ನನ್ನನ್ನು ಕಂಡಳು. ಬಾವುಟದ ಕೈ ಕೆಳಗಿಳಿಯಿತು.

"ನೀವು... ಇದ್ದೀರಾ?"

ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು.

"ಇದ್ದೀನಲ್ಲ. ಯಾಕೆ?"

"ಹೋದ ಸಲ ನಿಮ್ಮ ಕೈಗೆ ಬ್ಯಾಂಡೇಜಿತ್ತು. ಇವತ್ತು ನಿಮ್ಮ ಜಾಗದಲ್ಲಿ ಬೇರೆ ಯಾರೋ ನಿಂತಿದ್ರು. ನಿಮಗೇನೋ ಆಗಿಹೋಯ್ತು ಅಂತ... ಕೈ ತಾನೇ ಎದ್ದುಬಿಡ್ತು."

"ಬಾಗಿಲು ತಾಗಿದ್ದು ಕಣ್ರೀ! ಅದಕ್ಕೆ ಎಕ್ಸ್‌ಪ್ರೆಸ್ ನಿಲ್ಲಿಸ್ತಾರಾ?"

ಮಾಸ್ತರು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಹತ್ತಿರದ ಬೆಂಚಿನ ಮೇಲೆ ಕುಸಿದರು. "ಕೆಲಸ ಹೋಗತ್ತೆ ಮಗಳೇ. ನಿಂದೊಂದೇ ಸಂಬಳ ಮನೆಗೆ."

ಒಳಗೆ ಕಂಟ್ರೋಲ್ ಆಫೀಸಿನ ಫೋನು ಬಡಿದುಕೊಳ್ಳತೊಡಗಿತು. ಮೂವರೂ ಆಫೀಸಿಗೆ ಓಡಿದೆವು.

"ಹೊಗೆ ಕಂಡೆ ಅನ್ನಿ," ಅಂದೆ ನಾನು ಪಿಸುದನಿಯಲ್ಲಿ. "ಹುಡುಕ್ತಾರೆ, ಏನೂ ಸಿಗಲ್ಲ, ಬಿಟ್ಟುಬಿಡ್ತಾರೆ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಇಷ್ಟು ಹತ್ತಿರದಿಂದ ಆ ಕಣ್ಣು ಕಂಡದ್ದು ಇದೇ ಮೊದಲು, ಕಂಡದ್ದು ಬೈಸಿಕೊಳ್ಳುವಾಗ!

"ನಾಳೆ ನಿಜವಾಗಲೂ ಹೊಗೆ ಕಂಡು ಕೆಂಪು ಎತ್ತಿದ್ರೆ ಯಾರು ನಂಬ್ತಾರೆ? ಸುಳ್ಳು ಹೇಳಲ್ಲ ನಾನು."

ಫೋನೆತ್ತಿದಳು. "ಗಾಡೀಲಿ ಏನೂ ದೋಷ ಇಲ್ಲ ಸಾರ್, ಬಿಡಬಹುದು. ತಪ್ಪು ನನ್ನದು. ಗಾರ್ಡ್ ಬದಲಾಗಿದ್ದು ನೋಡಿ ಗಾಬರಿಯಾಯ್ತು."

ಆಚೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಗಾರ್ಡ್ ಬದಲಾದ್ರೆ ನಿನಗೇನಮ್ಮಾ? ಅವನೇನು ನಿನ್ನ ನೆಂಟನಾ?"

ಅವಳು ಫೋನಿನ ಬಾಯಿ ಮುಚ್ಚಿ ನನ್ನ ಕಡೆ ತಿರುಗಿದಳು. "ಏನಂತ ಹೇಳಲಿ?"

ದಾರಿಯುದ್ದಕ್ಕೂ ಉರುಹೊಡೆದ ಮಾತೆಲ್ಲ ಆವಿಯಾಗಿತ್ತು. "ನಿಮಗೆ... ಏನನ್ಸುತ್ತೋ ಅದೇ," ಅಂದೆ, ಪೆದ್ದನ ಹಾಗೆ.

ಅವಳು ಕೈ ತೆಗೆದಳು.

"ನಮ್ಮನೆಯವರು ಸಾರ್."

ಮಾಸ್ತರ ಕನ್ನಡಕ ಮೂಗಿನ ತುದಿಗೆ ಜಾರಿತು. ಆಚೆಯ ದನಿ, "ನಾಳೆ ವಿಚಾರಣೆಗೆ ಬಾ," ಅಂತ ಗೊಣಗಿ ಫೋನಿಟ್ಟಿತು.

"ಸುಳ್ಳು ಹೇಳಲ್ಲ ಅಂದ್ರಲ್ಲ?" ಹೇಗೋ ಕೇಳಿದೆ.

ಕಣ್ಣಲ್ಲಿ ನೀರು, ತುಟಿಯಲ್ಲಿ ಅದೇ ಕಚ್ಚಿ ಹಿಡಿದ ನಗು.

"ಹಾಗಾದ್ರೆ ಅದನ್ನ ಸುಳ್ಳು ಮಾಡ್ಬೇಡಿ."