ತವಂದಿ ಘಾಟಿನ ಕರಿ ಕಾಂಟೆಸ್ಸಾ

ಹಿಂದಿದ್ದ ಕಪ್ಪು ಕಾರು ಮತ್ತೆ ಹಾರ್ನ್ ಹೊಡೆಯಿತು.

ಒಂದು ಸಲ ಅಲ್ಲ, ಎರಡು ಸಲ ಅಲ್ಲ... ಬಿಡದೆ!

ಶುಭಾಂಗಿ ಕನ್ನಡಿ ನೋಡಿದಳು. ತವಂದಿ ಘಾಟಿನ ತಲೆಯಲ್ಲಿ, ರಸ್ತೆಯ ಬದಿಗೆ ನಿಂತಿದ್ದ ಕಾರು ಅದು. ಅವಳ ಕೆಂಪು ಝೆನ್ ಕಾರು ಕಾಣಿಸಿದ್ದೇ ತಡ, ಬೆನ್ನು ಹತ್ತಿತ್ತು. ಉದ್ದನೆಯ ಹಳೆಯ ಕಾಂಟೆಸ್ಸಾ. ಒಳಗೆ ಒಬ್ಬನೇ ಗಂಡಸು. ಕಿಟಕಿಯಿಂದ ಕೈ ಹೊರಗೆ ಹಾಕಿ ನಿಲ್ಲಿಸು ನಿಲ್ಲಿಸು ಎಂದು ಬೀಸುತ್ತಿದ್ದ.

‘ಯಾರಿವ? ನನ್ನ ಹಿಂದ ಯಾಕ ಬಿದ್ದಾನ?’

ಹಿಂದಿನ ಸೀಟಿನಲ್ಲಿ ಹುಕ್ಕೇರಿಯಿಂದ ತಂದ ಕುರಿಗಳ ಲಸಿಕೆಯ ಡಬ್ಬಿ ಗಡಗಡ ಎನ್ನುತ್ತಿತ್ತು. ಚೀಲದೊಳಗೆ ಫೋನು ಒಂದೇ ಸಮನೆ ನಡುಗುತ್ತಿತ್ತು. ಗಾಡಿ ಓಡಿಸುವಾಗ ಅವಳು ಫೋನು ಎತ್ತುವವಳಲ್ಲ. ಈಗಂತೂ ಸ್ಟೇರಿಂಗ್‌ನಿಂದ ಕೈ ತೆಗೆಯುವ ಧೈರ್ಯವೇ ಇರಲಿಲ್ಲ.

ಅವಳು ಆಕ್ಸಿಲರೇಟರ್ ಒತ್ತಿದಳು. ಕಪ್ಪು ಕಾರೂ ವೇಗ ಹೆಚ್ಚಿಸಿತು.

ಇಳಿಜಾರು ಶುರುವಾಯಿತು. ಮೊದಲ ತಿರುವು. ಬ್ರೇಕ್ ಮೇಲೆ ಕಾಲಿಟ್ಟಳು.

ಪೆಡಲ್ಲು ಸತ್ತ ಹಾಗೆ ಕೆಳಗೆ ಬಿದ್ದುಹೋಯಿತು.

ಮತ್ತೊಮ್ಮೆ ಒತ್ತಿದಳು. ಮತ್ತೊಮ್ಮೆ! ಕಾಲ ಕೆಳಗೆ ಏನೂ ಇರಲಿಲ್ಲ...

"ಯವ್ವಾ!"

ಹ್ಯಾಂಡ್‌ಬ್ರೇಕ್ ಎಳೆದಳು. ಸುಟ್ಟ ವಾಸನೆ ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಗೇರ್ ಇಳಿಸಬೇಕೆಂಬುದೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮುಂದೆ ನೋಡಿದರೆ, ಎರಡು ಟ್ರೇಲರ್ ತುಂಬಾ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ತೆವಳುತ್ತ ಇಳಿಯುತ್ತಿತ್ತು. ಕಬ್ಬಿನ ತುದಿಗಳು ಗಾಜಿಗೆ ಹತ್ತಿರ, ಇನ್ನೂ ಹತ್ತಿರ...

ಆಗ ಕಾಂಟೆಸ್ಸಾ ಅವಳ ಪಕ್ಕಕ್ಕೆ ಬಂತು. ಗಾಳಿಯ ನಡುವೆ ಆ ಗಂಡಸಿನ ಕೂಗು ಕೇಳಿಸಿತು.

"ನನ್ನ ಗಾಡಿಗೆ ಬಡೀರಿ! ಸ್ಟೇರಿಂಗ್ ತಿರುವಬ್ಯಾಡ್ರಿ... ಹಿಂದಿಂದ ಬಂದು ನನಗ ಬಡೀರಿ!"

ಕಪ್ಪು ಕಾರು ಅವಳಿಗೂ ಟ್ರ್ಯಾಕ್ಟರಿಗೂ ನಡುವೆ ನುಗ್ಗಿತು. ಧಡ್ ಎಂದು ಡಿಕ್ಕಿ. ಗಾಜು ಪುಡಿಯಾದ ಸದ್ದು. ಶುಭಾಂಗಿ ಕಣ್ಣು ಮುಚ್ಚಿದಳು. ತಗಡಿಗೆ ತಗಡು ಉಜ್ಜಿಕೊಂಡು ಎರಡೂ ಗಾಡಿಗಳು ನಿಧಾನವಾಗುತ್ತ, ನಿಧಾನವಾಗುತ್ತ, ಕೊನೆಗೆ ನಿಂತವು.

ಆ ಗಂಡಸು ಬಂದು ಬಾಗಿಲು ತೆರೆದಾಗಲೂ ಅವಳ ಬೆರಳುಗಳು ಸ್ಟೇರಿಂಗ್ ಬಿಡಲಿಲ್ಲ.

"ಗಾಡಿ ನಿಂತೈತ್ರಿ... ಕೈ ಬಿಡ್ರಿ," ಎಂದನವನು. ಅವಳಿಗೆ ಆಗಲಿಲ್ಲ. "ನಾ ಮುಟ್ಲೇನ್ರಿ?"

ಅವಳು ತಲೆ ಆಡಿಸಿದಳು. ಅವನು ಒಂದೊಂದೇ ಬೆರಳು ಬಿಡಿಸಿದ. ಅವಳ ಕೈಗಿಂತ ಅವನ ಕೈಗಳೇ ಹೆಚ್ಚು ನಡುಗುತ್ತಿದ್ದವು!

"ನೀವು... ಯಾಕ ನನ್ನ ಬೆನ್ನ ಹತ್ತಿದ್ರಿ?"

ಅವನು ಕಣ್ಣು ತಪ್ಪಿಸಿದ. "ನಿಮ್ಮ ಗಾಲಿ ಹಂತ್ಯಾಕ ಹೊಗಿ ಕಂಡಂಗಾತ್ರಿ. ಅದಕ್ಕ."

ಅವನ ಹೆಸರು ಸಂಗ್ರಾಮ. ನಿಪ್ಪಾಣಿಯವನು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಾಂಟೆಸ್ಸಾದ ಹಿಂಭಾಗ ಪೂರ್ತಿ ಒಳಗೆ ಹೋಗಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

*

ಶುಭಾಂಗಿ ಅಕ್ಕೋಳದವಳು. ಕೊಗನೊಳ್ಳಿಯ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕಿ. ಸುತ್ತಲಿನ ಊರವರಿಗೆಲ್ಲ ಅವಳು ಡಾಕ್ಟರಬಾಯಿ. ಎಮ್ಮೆ ಈಯಲಿ, ಕುರಿಗೆ ಹೊಟ್ಟೆ ಉಬ್ಬಲಿ, ಕೆಂಪು ಝೆನ್ ಬಂತೆಂದರೆ ಜನರಿಗೆ ಧೈರ್ಯ.

ಆ ಝೆನ್ ಈಗ ಕೊಟ್ಟಿಗೆಯ ಪಕ್ಕ ತಾಡಪತ್ರಿಯ ಕೆಳಗಿತ್ತು.

ಅವಳು ಬಸ್ಸಿನಲ್ಲಿ ಓಡಾಡತೊಡಗಿದಳು. ಬಸ್ಸಿನಲ್ಲೂ ಬಿಡದ ಭಯ. ಇಳಿಜಾರು ಬಂದರೆ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಬೆನ್ನೆಲ್ಲ ಬೆವರುತ್ತಿತ್ತು. ಒಂದು ದಿನ ಬಸ್ಸಿಗೆ ಕಾದು ತಲುಪುವಷ್ಟರಲ್ಲಿ ಭೀಮಾಬಾಯಿಯ ಎಮ್ಮೆಯ ಕರು ಹೊಟ್ಟೆಯಲ್ಲೇ ಸತ್ತಿತ್ತು.

"ನೀ ಮೊದಲ ಬಂದಿದ್ರ ಉಳೀತಿತ್ತು ನೋಡವ್ವಾ," ಎಂದಳು ಮುದುಕಿ. ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಅಪ್ಪನ ಜೊತೆ ಸಂಗ್ರಾಮ ಕೂತಿದ್ದ. ಅಪಘಾತವಾದ ಮರುದಿನವೂ ಹೀಗೇ ಬಂದು ಹೋಗಿದ್ದನಂತೆ. ಅಪ್ಪ ರಾಜಾರಾಮ ತಂಬಾಕಿನ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದವನು, ಮಾತು ಕಡಿಮೆ.

"ಗಾಡಿ ತಾನ ರಿಪೇರಿ ಮಾಡತೇನಿ ಅಂತಾನ. ನಿನಗ ಮತ್ತ ಓಡಸಾಕ ಕಲಸತಾನಂತ," ಎಂದ ಅಪ್ಪ.

"ನಂಗ ಆಗೂದಿಲ್ಲಪ್ಪಾ!"

"ಓಡಸಬ್ಯಾಡ್ರಿ," ಎಂದ ಸಂಗ್ರಾಮ ಮೆಲ್ಲಗೆ. "ಸುಮ್ನ ಒಳಗ ಕೂಡ್ರಿ. ಕೀಲಿ ನನ್ನ ಕಿಸೆದಾಗ ಇರತೈತಿ."

ಹಾಗೆ ಶುರುವಾಯಿತು.

ಪ್ರತಿ ಭಾನುವಾರ ಸೋಯಾಬೀನ್ ಕೊಯ್ದ ಹೊಲದಲ್ಲಿ ರಿಪೇರಿಯಾದ ಝೆನ್ ನಿಲ್ಲುತ್ತಿತ್ತು. ಮೊದಲ ವಾರ ಬರೀ ಕೂತಳು. ಎರಡನೆಯ ವಾರ ಇಂಜಿನ್ ಸದ್ದು ಕೇಳಿಯೇ ಹೊರಗೆ ಜಿಗಿದಳು. ಅವನು ನಗಲಿಲ್ಲ. ಇಂಜಿನ್ ಆರಿಸಿ, ಬದುವಿನ ಮೇಲೆ ಅವಳ ಪಕ್ಕ ಕೂತು ಕಾಂಟೆಸ್ಸಾದ ಕತೆ ಹೇಳಿದ.

"ರಾಯಬಾಗದಾಗ ಒಬ್ಬರ ಹಿತ್ತಲದಾಗ ಬಿದ್ದಿತ್ರಿ. ಒಳಗ ಆಡು ಕಟ್ಟಿದ್ರು! ಸೀಟಿನ ಮ್ಯಾಲ ಮೂರು ಮರಿ. ಆರು ವರ್ಷ ಹಿಡೀತು. ಬಾಗಲದ ಹಿಡಿಕಿ ಕೊಲ್ಲಾಪುರದಾಗ ಸಿಕ್ಕವು, ಹಿಂದಿನ ದೀಪ ಅಥಣಿಯ ಒಬ್ಬ ಅಜ್ಜನ ಹಂತ್ಯಾಕ."

"ಆ ದೀಪ... ನಾ ಬಡದಾಗ ಒಡದ್ವಲ್ಲ?"

"ಹೂಂ."

"ಮತ್ತ ಸಿಗತಾವೇನ್ರಿ?"

"ಇಲ್ಲರಿ." ಬದುವಿನ ಹುಲ್ಲು ಕೀಳುತ್ತ ಹೇಳಿದ, "ದೀಪ ಅದರಿ. ಬರೇ ದೀಪ."

ಮುಂದಿನ ವಾರ ಕೊಲ್ಲಾಪುರದಲ್ಲಿ ಹಳೆಯ ಕಾರುಗಳ ಮೇಳವಿತ್ತು, ಅವನು ಹೆಸರು ಕೊಟ್ಟು ಹಿಂದೆ ತೆಗೆದುಕೊಂಡಿದ್ದ ಎಂಬುದು ಅವಳಿಗೆ ಬೇರೆಯವರಿಂದ ತಿಳಿಯಿತು.

"ನಿಮಗ ಈ ಝೆನ್ ಮ್ಯಾಲ ಯಾಕಷ್ಟ ಜೀವ್ರಿ?" ಎಂದು ಅವನು ಒಮ್ಮೆ ಕೇಳಿದ.

ಅವಳು ಬಾನೆಟ್ಟಿನ ಧೂಳು ಸೆರಗಿನಿಂದ ಒರೆಸಿದಳು. "ಹೊಲ ಅಪ್ಪನ ಹೆಸರೀಲೆ ಐತಿ. ಮನಿ ಅಜ್ಜನ ಹೆಸರೀಲೆ. ಅವ್ವ ಜಲ್ಮೆಲ್ಲ ಬೀಡಿ ಕಟ್ಟಿದಾಕಿ, ಆಕಿ ಹೆಸರೀಲೆ ಏನೂ ಇರಲಿಲ್ಲ. ಈ ಗಾಡಿ ಕಾಗದದ ಮ್ಯಾಲ ನನ್ನ ಹೆಸರ ಐತ್ರಿ. ಬಾಗಲಾ ಹಾಕ್ಕೊಂಡ್ನಿ ಅಂದ್ರ ಒಳಗ ನಾನ, ನಂದ ಮಾತು. ಈಗ ಅದಕ್ಕ ಅಂಜತೇನಿ... ನನ್ನ ಮನಿಗೆ ನಾನ ಅಂಜಿದಂಗ."

ಸಂಗ್ರಾಮ ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

‘ನನ್ನ ಸಂಕಟಕ್ಕೆ ಇವನು ಇಷ್ಟು ಕರಗುತ್ತಾನಲ್ಲ!’ ಎಂದುಕೊಂಡಳು ಅವಳು. ಅಂದೇ ಮನಸ್ಸು ಅವನ ಕಡೆ ವಾಲಿತು.

*

ಆರನೆಯ ಭಾನುವಾರ ಅವಳು ಕೊಗನೊಳ್ಳಿಯವರೆಗೆ ಓಡಿಸಿಕೊಂಡು ಹೋಗಿ ಬಂದಳು. ಲಾರಿಗಳು ಪಕ್ಕದಲ್ಲಿ ಹಾಯ್ದಾಗ ಉಸಿರು ನಿಂತಂತಾಗುತ್ತಿತ್ತು. "ಹಂಗ ಹೋಗ್ರಿ... ಬರೋಬರಿ ಐತಿ," ಎಂದು ಅವನು ಅಂದಾಗಲೆಲ್ಲ ಉಸಿರು ಮರಳುತ್ತಿತ್ತು.

ಅಕ್ಕೋಳದ ಹೊಲದ ದಂಡೆಗೆ ಗಾಡಿ ನಿಲ್ಲಿಸಿ ಅವಳು ಅವನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

"ಒಂದ ಮಾತು ಹೇಳ್ಲೇನ್ರಿ? ಆ ದಿನದಿಂದ ನನಗ ಯಾರ ಮ್ಯಾಲೂ ಭರೋಸೆ ಇಲ್ಲ. ಬಸ್ಸಿನ ಡ್ರೈವರ್ ಮ್ಯಾಲಿಲ್ಲ, ನನ್ನ ಮ್ಯಾಲಿಲ್ಲ. ಆದ್ರ ನಿಮ್ಮ ಕೈ ಮ್ಯಾಲ ಐತಿ. ಈ ಎರಡು ಕೈ ಮ್ಯಾಲ..."

"ಬ್ಯಾಡ್ರಿ!"

ಅವನು ಚೀರಿದಂತೆ ಅಂದ. ಶುಭಾಂಗಿ ಬೆಚ್ಚಿಬಿದ್ದಳು.

ಸಂಗ್ರಾಮ ಪಾಕೀಟು ತೆರೆದು ಒಂದು ಸಣ್ಣ ತಂತಿಯ ತುಂಡು ತೆಗೆದ. ಕೂದಲಿಗೆ ಹಾಕುವ ಪಿನ್ನಿನಷ್ಟಿತ್ತು. ಅಂಗೈ ಮೇಲಿಟ್ಟು ಅವಳ ಮುಂದೆ ಹಿಡಿದ.

"ಕಾಟರ್ ಪಿನ್ನಂತಾರ ಇದಕ್ಕ. ಬ್ರೇಕ್ ಪೆಡಲ್ಲಿನ ಕೀಲು ಜಾರಬಾರದಂತ ಹಾಕತಾರ. ಘಾಟಿನಾಗ ಬ್ರೇಕ್ ಹೋತಲ್ಲ, ಅದರ ಹಿಂದಿನ ದಿನ ನಿಮ್ಮಪ್ಪ ನಿಮ್ಮ ಗಾಡಿ ರಿಪೇರಿಗೆ ಬೀರದೇವನ ಗ್ಯಾರೇಜಿಗೆ ಬಿಟ್ಟಿದ್ರಲ್ಲ... ಬೀರದೇವ ನಮ್ಮ ಕಾಕಾನ ಮಗ. ಕಾರ್ಖಾನಿ ಪಾಳಿ ಇಲ್ಲದಾಗ ನಾ ಅಲ್ಲಿ ಕೆಲಸ ಮಾಡತೇನಿ. ಆ ಪೆಡಲ್ ಕೂಡಸಿದ್ದು ನಾ. ಮೇಳ ಹತ್ರ ಬಂದಿತ್ತು, ನನ್ನ ಧ್ಯಾನೆಲ್ಲ ಕಾಂಟೆಸ್ಸಾದ ಮ್ಯಾಲಿತ್ತು. ಇದನ್ನ ಹಾಕೂದ ಮರತೆ."

ಅವಳು ಬಗ್ಗಿ ಕಾಲ ಕೆಳಗಿನ ಪೆಡಲ್ಲು ನೋಡಿದಳು.

"ಮರುದಿನ ಮಧ್ಯಾಹ್ನ ಅಂಗಿ ಕಿಸೆದಾಗ ಸಿಕ್ತು. ಜೀವಾನ ಹೋತು ನನಗ! ನೀವು ಹುಕ್ಕೇರಿಗೆ ಹೋಗೀರಿ ಅಂತ ಗೊತ್ತಾತು. ಫೋನ್ ಹಚ್ಚಿದ್ರ ನೀವು ಎತ್ತಲಿಲ್ಲ. ಓಡಿ ಬಂದು ಘಾಟಿನ ಮ್ಯಾಲ ಕಾಯಕೋತ ನಿಂತೆ. ನಿಲ್ಲಸ್ರಿ ಅಂತ ಹಾರ್ನ್ ಹೊಡದೆ. ನೀವು ಇನ್ನಷ್ಟ ಅಂಜಿ ಜೋರ ಹೋದ್ರಿ. ಅದೂ ನನ್ನಿಂದಾನ."

"ಅಂದ್ರ... ಹೊಗಿ?"

"ಸುಳ್ಳ ಹೇಳಿದ್ದೆ."

ಹೊರಗೆ ಬಿಸಿಲು ಇತ್ತು. ಆದರೂ ಅವಳ ಮೈ ತಣ್ಣಗಾಯಿತು. ಆರು ವಾರ! ತನ್ನನ್ನು ಸಾವಿನ ಬಾಯಿಗೆ ತಳ್ಳಿದವನ ಪಕ್ಕದಲ್ಲೇ ಆರು ವಾರ ಕೂತಿದ್ದಳು. ಅವನ ಮಾತು ಕೇಳಿ ಉಸಿರಾಡಿದ್ದಳು.

"ನಿಮ್ಮ ತಪ್ಪು ಮುಚ್ಚಾಕ... ನನ್ನ ಸಂಗಾಟ ಇಷ್ಟ ದಿನ ನಾಟಕ ಮಾಡಿದ್ರೇನು?"

"ನಾಟಕಲ್ಲ, ಶುಭಾಂಗಿ..."

"ಇಳೀರಿ! ನನ್ನ ಗಾಡಿಯಿಂದ ಇಳೀರಿ!"

ಅವನು ಇಳಿದ. ಹೊಲದ ಹಾದಿಯಲ್ಲಿ ತಲೆ ತಗ್ಗಿಸಿ ನಡೆದುಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಶುಭಾಂಗಿ ಕೀಲಿ ತಿರುವಲು ಹೋದಳು. ಆಗಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು, ಅಳುತ್ತ ಮನೆಗೆ ನಡೆದಳು.

*

ಅಪ್ಪ ಎಲ್ಲ ಕೇಳಿಸಿಕೊಂಡ.

"ಅವ ನನ್ನ ಹೆಸರ ಹೇಳಲಿಲ್ಲೇನು?"

"ನಿನ್ನ ಹೆಸರ? ಯಾಕ?"

"ಮರುದಿನಾನ ಬಂದು ನನ್ನ ಮುಂದ ಎಲ್ಲಾ ಹೇಳಿದ ನೋಡವ್ವಾ. ನನ್ನ ಕಾಲ ಹಿಡಕೊಂಡು ಅತ್ತ. ಶುಭಾಂಗಿಗೂ ಇವತ್ತ ಹೇಳತೇನಿ ಅಂದ. ನಾನ ಬ್ಯಾಡಂತ ಆಣಿ ಹಾಕಿದೆ."

"ಅಪ್ಪಾ!"

"ನೀ ತಾಡಪತ್ರಿ ಕಡೆ ನೋಡಾಕೂ ನಡಗತಿದ್ದಿ. ರಿಪೇರಿ ಮಾಡಿದವನ ತಪ್ಪು ಅಂತ ಗೊತ್ತಾದ್ರ ಜಿಂದಗಿನಾಗ ಮತ್ತ ಗಾಡಿ ಮುಟ್ಟೂದಿಲ್ಲ ಅಂತ ನನಗ ಅಂಜಿಕಿ ಆತು. ಮೊದಲ ಆಕಿನ್ನ ಓಡಸೂವಂಗ ಮಾಡು, ಆಮ್ಯಾಲ ಹೇಳು ಅಂದೆ. ವಾರಕ್ಕೊಮ್ಮಿ ಬಂದು ಕೇಳತಿದ್ದ, ಕಾಕಾ ಇವತ್ತರ ಹೇಳ್ಲೇನು ಅಂತ."

ಶುಭಾಂಗಿ ಎದ್ದು ನಿಂತಳು.

"ಜೀವ ನಂದು, ಅಪ್ಪಾ. ಹೋಗತಿದ್ದದ್ದು ನನ್ನ ಜೀವ. ಮೊದಲ ನನಗ ಹೇಳಬೇಕಿತ್ತು. ನೀವಿಬ್ರೂ ಕೂತು ನಿರ್ಣಯ ಮಾಡಿದ್ರೇನು?"

"ತಪ್ಪಾತವ್ವಾ," ಎಂದ ರಾಜಾರಾಮ. ಅವನ ಬಾಯಿಂದ ಆ ಮಾತು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಮೂರು ದಿನ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಒಳಗೊಂದು ಮಾತು ಮುಳ್ಳಿನಂತೆ ನಾಟಿಕೊಂಡಿತ್ತು... ತಾನು ಬೈಯುವಾಗ, ‘ನಿಮ್ಮಪ್ಪನೇ ಬೇಡ ಎಂದಿದ್ದು’ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಪೂರ್ತಿ ತಪ್ಪನ್ನು ತಾನೇ ಹೊತ್ತು ನಡೆದುಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಒಬ್ಬಳೇ ಝೆನ್ ಹತ್ತಿದಳು. ಅಕ್ಕೋಳದಿಂದ ನಿಪ್ಪಾಣಿಯವರೆಗೂ ಸೆಕೆಂಡ್ ಗೇರಿನಲ್ಲೇ ಬಂದಳು. ಹಿಂದಿನವರು ಹಾರ್ನ್ ಹೊಡೆದರು, ಬೈದರು. ಬೆವರಿಗೆ ಜಂಪರ್ ಬೆನ್ನಿಗೆ ಅಂಟಿತ್ತು. ಬೀರದೇವನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಇಳಿದಳು.

ಸಂಗ್ರಾಮ ಮೂಲೆಯಲ್ಲಿ ಟೈರು ಬಿಚ್ಚುತ್ತ ಕೂತಿದ್ದ.

"ಇವ ಈಗ ಬರೇ ಟೈರ್ ಮುಟ್ಟತಾನ್ರಿ," ಎಂದ ಬೀರದೇವ ಬೇಸರದಿಂದ. "ಬ್ರೇಕ್ ಅಂದ್ರ ಕೈ ನಡಗತಾವ ಅಂತಾನ."

ಶುಭಾಂಗಿ ಅವನ ಮುಂದೆ ಹೋಗಿ ನಿಂತಳು.

"ಆ ಪಿನ್ನ ಹೆಂಗ ಹಾಕೂದು, ನನಗ ತೋರಸ್ರಿ. ನನ್ನ ಗಾಡಿದು ನಾನ ಬಿಚ್ಚಿ, ನಾನ ಹಾಕತೇನಿ."

ಅವನು ಗಾಬರಿಯಿಂದ ಅವಳನ್ನೇ ನೋಡಿದ. ಅವಳು ಬಾಗಿ ಪೆಡಲ್ಲಿನ ಕೆಳಗೆ ತಲೆ ಹಾಕಿದಳು. ಅವನು ದೂರ ಕೂತು ಬರೀ ಹೇಳಿಕೊಟ್ಟ, ಕೈ ಹಚ್ಚಲಿಲ್ಲ. ಹಳೆಯ ಪಿನ್ನು ತೆಗೆದು ಹೊಸದನ್ನು ತೂರಿಸಿ, ಇಕ್ಕಳದಿಂದ ಎರಡೂ ತುದಿ ಮಡಚಿದಳು. ಎರಡು ಸಲ ಎಳೆದು ನೋಡಿದಳು.

"ಈಗ ಕೂಡ್ರಿ. ಘಾಟಿಗೆ ಹೋಗೂಣು."

"ಶುಭಾಂಗಿ... ನಾ ಬರಬೇಕೇನು?"

"ಆ ದಿನ ಒಳಗ ಒಬ್ಬಾಕಿನ ಇದ್ದೆ. ಇವತ್ತ ನೀವೂ ಇರ್ರಿ. ಅಂಜಿಕಿ ಅಂದ್ರ ಏನಂತ ನಿಮಗೂ ಗೊತ್ತಾಗಲಿ."

ಮೇಲೇರಿ, ತಿರುಗಿಸಿಕೊಂಡು, ಇಳಿಯತೊಡಗಿದರು. ಮೊದಲ ತಿರುವು ಎದುರಾಯಿತು. ಅವಳ ಬಾಯಿ ಒಣಗಿತು. ಪಕ್ಕದಲ್ಲಿ ಸಂಗ್ರಾಮ ಸೀಟಿನ ಅಂಚನ್ನು ಗಟ್ಟಿ ಹಿಡಿದಿದ್ದ. ಹಣೆಯ ಮೇಲೆ ಬೆವರು. ಆದರೂ ನಿಲ್ಲಿಸು ಎನ್ನಲಿಲ್ಲ. ನಿಧಾನ ಎಂದೂ ಅನ್ನಲಿಲ್ಲ.

ಅವಳು ಬ್ರೇಕ್ ಒತ್ತಿದಳು.

ಪೆಡಲ್ಲು ಕಾಲಿಗೆ ಎದುರು ನಿಂತಿತು. ಗಾಡಿ ಮಾತು ಕೇಳಿತು.

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಎರಡನೆಯ ತಿರುವು, ಮೂರನೆಯದು... ಕೆಳಗೆ ಚಹಾ ಅಂಗಡಿಯ ಪಕ್ಕ ಗಾಡಿ ನಿಲ್ಲಿಸಿ ಅವಳು ಇಂಜಿನ್ ಆರಿಸಿದಳು.

"ಅಂಜಿಕಿ ಹೋತೇನ್ರಿ?" ಎಂದು ಅವನು ಕೇಳಿದ.

"ಇಲ್ಲ. ಐತಿ." ಅವಳು ಮುಖ ಒರೆಸಿಕೊಂಡಳು. "ನಿಮ್ಮ ಮ್ಯಾಲ ಸಿಟ್ಟೂ ಐತಿ. ಅಪ್ಪ ಆಣಿ ಹಾಕಿದ್ದು ಯಾಕ ಹೇಳಲಿಲ್ಲ?"

"ಪಿನ್ನ ಮರತದ್ದು ನಾನಲ್ಲರಿ? ಅವರ ಹೆಸರ ತಗೊಂಡು ತಪ್ಪಿಸ್ಕೊಳ್ಳೂದು ನನಗ ಬರೋಬರಿ ಅನಸಲಿಲ್ಲ."

ಶುಭಾಂಗಿ ಅವನನ್ನೇ ನೋಡಿದಳು.

"ಇನ್ನ ಮುಂದ ನನ್ನ ಹಂತ್ಯಾಕ ಖರೇನ ಹೇಳಬೇಕು. ಎಷ್ಟ ಅಂಜಿಕಿ ಆದ್ರೂ."

"ಹೇಳತೇನ್ರಿ."

"ಹಂಗಾರ ಈಗ ಹೇಳ್ರಿ."

ಅವನು ಘಾಟು ಇಳಿಯುವಾಗ ಇದ್ದದ್ದಕ್ಕಿಂತ ಹೆಚ್ಚು ಬೆವರಿದ.

"ನೀವು ಇನ್ನ ಬರಂಗಿಲ್ಲ ಅಂತ ಈ ನಾಕು ದಿನ ಅಂಜಿ ಸತ್ತೇನಿ. ನೀವಂದ್ರ ನನಗ ಜೀವ್ರಿ, ಶುಭಾಂಗಿ."

ಅವಳ ಮುಖದಲ್ಲಿ ನಗು ಮೂಡಿತು. ಎಷ್ಟೋ ದಿನಗಳ ನಂತರದ ನಗು.

"ಅಪ್ಪ ಸಂಜಿಗೆ ಮನ್ಯಾಗ ಇರತಾನ," ಎಂದಳು. ಮೊದಲ ಬಾರಿಗೆ ಏಕವಚನದಲ್ಲಿ ಕೇಳಿದಳು, "ಬಂದು ಮಾತಾಡತಿಯೇನು?"

"ಇವತ್ತ?" ಎಂದನವನು.

"ಯಾಕ? ಅಂಜಿಕಿ ಆತೇನು?"

"ಬಾಳ."

"ಆಗಲಿ," ಎಂದಳು ಶುಭಾಂಗಿ. "ನನಗೂ ಆಗೈತಿ. ಬಾ."