ಹೆಸರಿಲ್ಲದ ಎರಡು ಖಾನೆ

ಕಾರ್ತಿಕ ಮುಗಿದು ಪುಣೆಗೆ ಚಳಿ ಕಾಲಿಟ್ಟ ಒಂದು ಶನಿವಾರ, ದೀಪ ಹಚ್ಚುವ ಹೊತ್ತು. ಧನಕವಡಿಯ ಸಮಾಜದ ಹಾಲ್‌ನಲ್ಲಿ ರಂಜನಾ ಮೊದಲ ಸಲ ಬಸವಲಿಂಗನ ಲ್ಯಾಪ್‌ಟಾಪಿನೊಳಗೆ ಇಣುಕಿದಳು.

"ಏನ್ರೀ ಇದು? ಕೋಡ್ ಬರದೀರೋ, ಸಗಣಿ ಸಾರಿಸೀರೋ?"

ಆತ ತಲೆ ಎತ್ತಿದ. "ಸಗಣಿ ಸಾರಿಸಿದ್ರ ನೆಲಾನರ ತಂಪಾಗ್ತದ್ರಿ. ನಿಮ್ಮ ಬಾಯಿಂದ ಅದೂ ಇಲ್ಲ!"

ಅಷ್ಟೇ. ಅವತ್ತಿನಿಂದ ಮಾತು ಬಂದ್!

ರಂಜನಾ ಧನಕವಡಿಯ ಕಬ್ಬಿಣದ ವ್ಯಾಪಾರಿ ಈರಣ್ಣನವರ ಒಬ್ಬಳೇ ಮಗಳು. ಖರಾಡಿಯ ಆಫೀಸಿನಲ್ಲಿ ನೌಕರಿ. ತನ್ನಷ್ಟು ಚೊಕ್ಕ ಕೋಡ್ ಬರೆಯುವವರು ಪುಣೆಯಲ್ಲೇ ಇಲ್ಲ ಎಂದು ನಂಬಿದವಳು. ದೇಹೂ ರೋಡಿನ ಬಸವಲಿಂಗನದೂ ಖರಾಡಿಯೇ, ಬೇರೆ ಆಫೀಸು, ಅದೇ ಸೊಕ್ಕು. ಸಮಾಜದ ಕಾರ್ಯದರ್ಶಿ ಗುರುಸಿದ್ಧ ಕಾಕಾ ಈ ಇಬ್ಬರನ್ನೇ ಹುಡುಕಿ ಕೂರಿಸಿದ್ದರು, ವಧು-ವರ ಮೇಳಾವಾಕ್ಕೆ ಪ್ರೋಗ್ರಾಂ ಮಾಡಿಕೊಡಿ ಎಂದು.

ಮೇಳಾವಾ ಎಂದರೆ ಏನು? ಹುಡುಗಿಯರಿಗೆ ಕೆಂಪು ಬಿಲ್ಲೆ, ಹುಡುಗರಿಗೆ ನೀಲಿ ಬಿಲ್ಲೆ, ಎದೆಯ ಮೇಲೆ ನಂಬರು, ಎರಡೂ ಕಡೆ ಒಂದರಿಂದಲೇ ಶುರು. ಹುಡುಗ ಮೈಕ್ ಹಿಡಿದು ಪಗಾರ ಒದರುತ್ತಾನೆ. ಹುಡುಗಿ ತಲೆ ತಗ್ಗಿಸಿ, ಅಡುಗೆ ಬರುತ್ತದೆ ಎಂದು ಸುಳ್ಳು ಹೇಳುತ್ತಾಳೆ. ಯಾರಿಗೆ ಯಾರು ಹಿಡಿಸಿದರೋ ಅವರ ನಂಬರು ಬರೆದುಕೊಟ್ಟರೆ, ಒಪ್ಪಿದ ಜೋಡಿಗಳು ಪರದೆಯ ಮೇಲೆ ಬರಬೇಕು. ಜೋಡಿ ಕಟ್ಟುವ ಕೆಲಸ ರಂಜನಾಳದು, ಪರದೆಗೆ ತರುವುದು ಬಸವಲಿಂಗನದು.

ಇಬ್ಬರ ಕೆಲಸವನ್ನು ಕೂಡಿಸಿದ್ದು ಒಂದೇ ವಸ್ತು: ಪೇರ್ ಎಂಬ ಟೆಂಪ್ಲೇಟ್ ಕ್ಲಾಸ್, ಅಂದರೆ ಜೋಡಿ ಇಡುವ ಕೋಡಿನ ಅಚ್ಚು. ಅರಿಶಿನ-ಕುಂಕುಮದ ಜೋಡು ಬಟ್ಟಲಿದ್ದಂತೆ ಅದು. ಎರಡು ಖಾನೆ, ಒಂದು ಫಸ್ಟ್, ಒಂದು ಸೆಕೆಂಡ್. ಯಾವ ಖಾನೆಯಲ್ಲಿ ಯಾವ ಬಗೆಯ ವಸ್ತು ಎಂದು ಮೊದಲೇ ಹೇಳಿಟ್ಟರೆ, ಅದಲು ಬದಲು ಆದಾಗ ಯಂತ್ರವೇ ಕೂಗುತ್ತದೆ. ಆದರೆ ಇವರು ಎರಡಕ್ಕೂ ಬರೀ ಅಂಕಿ ಎಂದುಬಿಟ್ಟಿದ್ದರು. ಎರಡರಲ್ಲೂ ಅರಿಶಿನವನ್ನೇ ತುಂಬಿದರೆ ಬಟ್ಟಲೇನು ಮಾತಾಡೀತೇ?

ಬಾಯಿದ್ದವರೇ ಮಾತಾಡಲಿಲ್ಲ! ರಂಜನಾ ಬರೆದದ್ದನ್ನು ಕಾಕಾನ ಫೋನಿಗೆ ಕಳಿಸುವಳು, ಕಾಕಾ ಅದನ್ನು ಬಸವಲಿಂಗನಿಗೆ ದೂಡುವರು. ಒಂದೇ ಹಾಲ್, ಎದುರುಬದುರು ಕುರ್ಚಿ!

ಆದರೂ ಒಂದು ಸಂಜೆ ಕರೆಂಟ್ ಹೋದಾಗ, ಅವಳ ಕೀಬೋರ್ಡಿನ ಮೇಲೆ ಸದ್ದಿಲ್ಲದೆ ಮೊಬೈಲಿನ ಬೆಳಕು ಬಿತ್ತು. ಹಿಡಿದವನು ಬೇಕೆಂತಲೇ ಗೋಡೆ ನೋಡುತ್ತಿದ್ದ.

'ಸೊಕ್ಕಿನ ಮನಿಷ್ಯಾ… ಒಂದ್ ಮಾತ್ ಆಡಿದ್ರ ಇವನ ಗಂಟೇನ್ ಹೋಗ್ತದ?' ಅಂದುಕೊಂಡಳು. ಬೆಳಕು ಇನ್ನಷ್ಟು ಹೊತ್ತು ಇರಲಿ ಎಂದು, ಮುಗಿದ ಸಾಲನ್ನೇ ಅಳಿಸಿ ಮತ್ತೆ ಬರೆದಳು.

ಅವನು ಆಡಲಿಲ್ಲ. ಇತ್ತ ಈರಣ್ಣನವರು ಟೈಲ್ಸ್ ಅಂಗಡಿಯ ಶಿವರಾಜನನ್ನು ನೋಡಿಟ್ಟಿದ್ದರು. "ಪರದೆ ಮ್ಯಾಲೆ ನಿಮ್ಮ ಜೋಡಿ ಬಂತಂದ್ರ ಅಲ್ಲೇ ಸಕ್ಕರಿ ಹಂಚೂದವ್ವಾ."

ಆ ಶಿವರಾಜ ಒಮ್ಮೆ ಮನೆಗೆ ಬಂದು ಚಹಾ ಕುಡಿದು ಹೋಗಿದ್ದ. ಕೂತಷ್ಟು ಹೊತ್ತೂ ಇವರ ಮನೆಯ ನೆಲದ ಫರಶಿ ಕಲ್ಲು ನೋಡಿ ಮೂಗು ಮುರಿದಿದ್ದ. ಬಸವಲಿಂಗ ಬಾಯಿ ತೆರೆಯದಿದ್ದ ಮೇಲೆ ರಂಜನಾ ಹ್ಞೂಂ ಎಂದಳು.

ಮೇಳಾವಾದ ಭಾನುವಾರ ಹಾಲ್ ತುಂಬಿತು. ರಂಜನಾಳೂ ಕೆಂಪು ಬಿಲ್ಲೆ ಹಾಕಿ ಶಿವರಾಜನ ನಂಬರು ಬರೆದುಕೊಟ್ಟಳು. ಕಾಕಾ ಗುಂಡಿ ಒತ್ತಿದರು.

ಪರದೆಯ ಮೇಲೆ ರಂಜನಾಳ ಹೆಸರು ಬಂತು. ಜೊತೆಗೆ… ಮೀಸೆಗೆ ಬಣ್ಣ ಹಚ್ಚಿದ, ಎರಡನೇ ಸಂಬಂಧಕ್ಕೆ ಬಂದ ಒಬ್ಬ ಮುದಿಯಪ್ಪ! ಶಿವರಾಜನ ಜೊತೆ ಕಾಲೇಜಿನ ಒಂದು ಹುಡುಗಿ. ಯಾರಿಗೆ ಯಾರೋ! ಹಾಲ್ ಘೊಳ್ಳೆಂದು ನಕ್ಕಿತು. ಬಸವಲಿಂಗ ಬಾಯಿಗೆ ಕೈ ಅಡ್ಡ ಹಿಡಿದಿದ್ದ.

ರಂಜನಾ ಬಿರುಗಾಳಿಯ ಹಾಗೆ ಅವನ ಮೇಜಿಗೆ ಹೋದಳು. "ಸೇಡು ತೀರ್ತೇನ್ರಿ? ಸಗಣಿ ಅಂದಿದ್ದಕ್ಕ ನಾಕ ಮಂದ್ಯಾಗ ನನ್ನ ಮಾನ ತಗದ್ರಿ!"

"ಯವ್ವಾ… ನಾನ್ಯಾಕ ತಗೀಲಿ? ನೋಡ್ರಿಲ್ಲೆ, ಫಸ್ಟ್‌ನ್ಯಾಗ ಹುಡುಗನ ನಂಬರ್, ಸೆಕೆಂಡ್‌ನ್ಯಾಗ ಹುಡುಗೀದು. ಹಂಗ ಓದೀನಿ."

"ಯಾರ್ ಹೇಳಿದ್ರು? ಹುಡುಗಿ ಮೊದಲು!"

"ನಮ್ಮನ್ಯಾಗ ಬರೇ ಗಂಡು ಹುಡುಗೂರು. ನಮ್ಮ ಲಗ್ನಪತ್ರಿಕ್ಯಾಗ ಹುಡುಗನ ಹೆಸರ ಮೊದಲು."

ರಂಜನಾ ತಾನು ಬರೆದ ಸಾಲನ್ನು ಮತ್ತೊಮ್ಮೆ ಓದಿದಳು. ಅವಳ ಮನೆಯಲ್ಲಿ ಅತ್ತೆಯಂದಿರ ಲಗ್ನ, ದೊಡ್ಡಪ್ಪನ ಹೆಣ್ಣುಮಕ್ಕಳ ಲಗ್ನ. ಹೆಣ್ಣಿನ ಮನೆಯ ಪತ್ರಿಕೆಯಲ್ಲಿ ಹೆಣ್ಣೇ ಮೊದಲು. ಕಣ್ಣು ಮುಚ್ಚಿದರೂ ಕೈ ಹಾಗೇ ಬರೆಯುತ್ತದೆ. ಇಬ್ಬರು ಜಾಣರು, ಒಂದು ಮಾತು ಕೇಳಲಿಲ್ಲ!

ಅಷ್ಟರಲ್ಲಿ ಶಿವರಾಜನ ತಾಯಿ ವಿಶಾಲಮ್ಮ ಎದ್ದು ನಿಂತಿದ್ದಳು. "ಈರಣ್ಣಾರ, ನಿಮ್ಮ ಮಗಳು ಮೈಕಿನ್ಯಾಗ ನಮ್ಮ ಕ್ಷಮಾ ಕೇಳ್ಬೇಕು. ಇಲ್ಲಾಂದ್ರ ಈ ಸಂಬಂಧ ಇಲ್ಲ!"

ಪಕ್ಕದಲ್ಲೇ ಶಿವರಾಜ ಹಲ್ಲು ಕಿಸಿದ. "ಎರಡ ಅಂಕಿ ಎರಡ ಖಾನೇದಾಗ ಇಡಾಕ ಬರಲಾರ್ದಾಕಿ, ಮನಿ ಏನ್ ನಡಸ್ತಾಳ!"

ಈರಣ್ಣನವರ ಕಣ್ಣು ಮಗಳನ್ನು ಬೇಡುತ್ತಿತ್ತು. ಅವಳು ಮೈಕ್ ಹಿಡಿಯುವ ಮೊದಲೇ ಬಸವಲಿಂಗ ಕೈ ಚಾಚಿ ಅದನ್ನು ಎತ್ತಿಕೊಂಡ. "ತಪ್ಪು ನಂದ್ರಿ. ಎಲ್ಲಾ ನಂದ."

"ಸುಳ್ಳ!" ರಂಜನಾ ಮೈಕ್ ಕಸಿದುಕೊಂಡಳು. "ಅರ್ಧ ನಂದು. ಹಾಲ್‌ಗೆ ಬಂದವರೆಲ್ಲಾರ ಕ್ಷಮಾ ಕೇಳ್ತೀನಿ. ವಿಶಾಲಮ್ಮಾರದು ಬ್ಯಾರೆ ಕೇಳಂಗಿಲ್ಲ. ಶಿವರಾಜ ಅವರ, ನಿಮ್ಮನಿಗೆ ಫರಶಿ ಒರಸಾಕ ಬರಾಕಿ ಬೇಕು. ಬ್ಯಾರೆ ಕಡೆ ನೋಡ್ರಿ!"

ಗದ್ದಲದ ನಡುವೆ ಈರಣ್ಣನವರು ತಲೆ ಹಿಡಿದು ಕೂತರು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡವ್ವಾ… ಆ ಹುಡುಗಾ ಚಹಾ ಕುಡದ್ ಹೋದಾಗಿಂದ ನಮ್ಮ ಫರಶಿ ನನಗೂ ಸಣ್ಣದ ಕಾಣ್ತಿತ್ತು" ಅಂದರು.

ಹಾಲ್‌ನ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೋಡ್ ತಿದ್ದಲು ಕೂತರು. ವಧುವಿಗೆ ಒಂದು ಬಗೆ, ವರನಿಗೆ ಇನ್ನೊಂದು ಬಗೆ. ಅದಲು ಬದಲಾದರೆ ಇನ್ನು ಯಂತ್ರವೇ ಕೂಗಲಿ!

"ನೀವ್ಯಾಕ ನೀಲಿ ಬಿಲ್ಲಿ ಹಾಕಿಲ್ಲ?" ಎಂದಳು, ತಲೆ ಎತ್ತದೆ.

"ಬೇಕಾದಾಕಿ ಎದರಿಗೇ ಕುಂತು ಬೈತಿದ್ಲು… ಯಾಂವಗ ಬೇಕ್ರಿ ನಂಬರು?"

ಬೆರಳು ನಿಂತವು. "ಹೇಳಾಕ ಏನಾಗಿತ್ರಿ? ಇನ್ನೊಂದ ತಾಸಿನ್ಯಾಗ ನಾ ಫರಶಿ ಅಂಗಡಿ ಸೇರ್ತಿದ್ದೆ!"

"ಸಗಣಿ ಅಂತೀರಂತ ಅಂಜಿದ್ದೆ…"

"ಅಂತೀನಿ. ದಿನಾ ಅಂತೀನಿ!" ಅವಳ ಕಣ್ಣು ತುಂಬಿತ್ತು. "ಕೇಳ್ತೀರಿ?"

"ಕೇಳ್ತೀನ್ರಿ… ಆದ್ರ ಪತ್ರಿಕ್ಯಾಗ ಯಾರ ಹೆಸರ ಮೊದಲು?"

"ಈಗ ಕೇಳಿದ್ರಲ್ಲ… ಇನ್ನ ಯಾರದರ ಇರ್ಲಿ."

ವಿಶಾಲಮ್ಮ ಮಗನನ್ನು ಎಳೆದುಕೊಂಡು ಹೋದದ್ದು ಆ ಭಾನುವಾರವೇ, ಊಟವನ್ನೂ ಮಾಡದೆ. ರಂಜನಾ ಧನಕವಡಿ ಬಿಟ್ಟು ದೇಹೂ ರೋಡಿಗೆ ಸೊಸೆಯಾಗಿ ಹೋದದ್ದು ಯುಗಾದಿ ಕಳೆದ ಗುರುವಾರ.